ಬೊಜ್ಜಿಗೆ ಬೈಪಾಸ್ ಆದವರ ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದು ಕಳುಹಿಸಬೇಡಿ

ಮಾನ್ಯ ಸಂಪಾದಕರೇ,

ಬೊಜ್ಜಿನ ಶಸ್ತ್ರಚಿಕಿತ್ಸೆ ಕುರಿತ ಬರಹಗಳು ಸಾಮಾನ್ಯವಾಗಿ ಎಷ್ಟು ಕೆ.ಜಿ. ಇಳಿಯಿತು, ಸಕ್ಕರೆ ಕಾಯಿಲೆಯ ಮಾತ್ರೆ ಎಷ್ಟು ಕಡಿಮೆಯಾಯಿತು ಎಂಬಲ್ಲಿಗೆ ಮುಗಿದುಬಿಡುತ್ತವೆ. ಆ ಲಾಭಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜಿಲ್ಲಾ ಕೇಂದ್ರವೊಂದರಲ್ಲಿ ತುರ್ತು ಶಸ್ತ್ರಚಿಕಿತ್ಸೆ ಮಾಡುವವನಾಗಿ, ಆಪರೇಷನ್ ಆಗಿ ವರ್ಷಗಳು ಕಳೆದ ಮೇಲೆ ತಲೆದೋರುವ ಒಂದು ಅಪಾಯವನ್ನು ಓದುಗರಿಗೂ ನನ್ನ ವೃತ್ತಿಬಾಂಧವರಿಗೂ ತಿಳಿಸುವುದು ಅಗತ್ಯವೆನಿಸಿದೆ.

ಬೊಜ್ಜು ಇಳಿಸಲು ಮಾಡುವ ಗ್ಯಾಸ್ಟ್ರಿಕ್ ಬೈಪಾಸ್ ಆಪರೇಷನ್‌ನಲ್ಲಿ ಜಠರದ ಮೇಲ್ಭಾಗವನ್ನು ಪುಟ್ಟ ಚೀಲವಾಗಿ ಬೇರ್ಪಡಿಸಿ, ಸಣ್ಣ ಕರುಳನ್ನು ಮೇಲಕ್ಕೆ ತಂದು ಅದಕ್ಕೆ ಜೋಡಿಸುತ್ತಾರೆ. ಹಾಗೆ ಮಾಡುವಾಗ ಕರುಳನ್ನು ಹಿಡಿದಿರುವ ಪೊರೆಯಲ್ಲಿ ಸಂದುಗಳು ಉಂಟಾಗುತ್ತವೆ. ತೂಕ ಇಳಿದಂತೆ ಆ ಪೊರೆಯ ಕೊಬ್ಬೂ ಕರಗಿ ಸಂದು ಅಗಲವಾಗುತ್ತದೆ, ಕರುಳು ಅದರೊಳಗೆ ನುಸುಳಿ ಸಿಕ್ಕಿಹಾಕಿಕೊಳ್ಳುತ್ತದೆ. ಇದನ್ನೇ ಒಳ ಹರ್ನಿಯಾ ಎನ್ನುವುದು. ಕರುಳನ್ನು ಮುಟ್ಟದೆ ಜಠರವನ್ನಷ್ಟೇ ಕಿರಿದುಗೊಳಿಸುವ ಸ್ಲೀವ್ ಆಪರೇಷನ್‌ನಲ್ಲಿ ಈ ಸಂದುಗಳಿರುವುದಿಲ್ಲ. ಸ್ವೀಡನ್‌ನಲ್ಲಿ 2,507 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಂದುಗಳನ್ನು ಹೊಲಿದು ಮುಚ್ಚಿದಾಗ, ಕರುಳು ಕಟ್ಟಿಕೊಂಡು ಮೂರು ವರ್ಷಗಳೊಳಗೆ ಮತ್ತೆ ಆಪರೇಷನ್ ಬೇಕಾದವರ ಪ್ರಮಾಣ ಸುಮಾರು ಶೇ 10ರಿಂದ ಶೇ 5.5ಕ್ಕೆ ಇಳಿದಿತ್ತು. ಅಂದರೆ, ಹೊಲಿದರೂ ಅಪಾಯ ಪೂರ್ತಿ ತಪ್ಪುವುದಿಲ್ಲ.

ಈ ಕಾಯಿಲೆಯ ಲಕ್ಷಣಗಳು ದಾರಿ ತಪ್ಪಿಸುತ್ತವೆ. ಊಟವಾದ ಸ್ವಲ್ಪ ಹೊತ್ತಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಹಿಂಡುವ ನೋವು ಬಂದು, ತಾನಾಗಿಯೇ ಹೋಗಿ, ವಾರಗಳ ನಂತರ ಮರುಕಳಿಸಬಹುದು. ಎಷ್ಟೋ ಸಲ ವಾಂತಿಯಾಗುವುದಿಲ್ಲ, ಹೊಟ್ಟೆ ಉಬ್ಬುವುದಿಲ್ಲ, ರಕ್ತಪರೀಕ್ಷೆ ಮತ್ತು ಎಕ್ಸ್‌ರೇ ಕೂಡ ಸರಿಯಾಗಿಯೇ ಇರುತ್ತವೆ. ಇತ್ತೀಚೆಗೆ ನಡುರಾತ್ರಿ ಬಂದ ಮಹಿಳೆಯೊಬ್ಬರ ಚೀಲದಲ್ಲಿ ಬೇರೆ ಬೇರೆ ಕ್ಲಿನಿಕ್‌ಗಳು ಕೊಟ್ಟ, ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆಯ ಪಟ್ಟಿಗಳಿದ್ದವು. ಬೈಪಾಸ್ ಆಗಿದೆಯೇ ಎಂದು ಯಾರೂ ಕೇಳಿರಲಿಲ್ಲ. ಕೈಯಿಟ್ಟು ಒತ್ತಿದರೆ ಹೊಟ್ಟೆ ಮೆತ್ತಗೇ ಇತ್ತು, ಆದರೆ ಅವರಿಗೆ ಕಾಲು ಚಾಚಿ ಮಲಗಲು ಆಗುತ್ತಿರಲಿಲ್ಲ. ಹೊಟ್ಟೆ ತೆರೆದಾಗ ಸಣ್ಣ ಕರುಳು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತ್ತು. ತಿರುಚು ಬಿಡಿಸಿ, ಬಿಸಿ ಸಲೈನ್‌ನಲ್ಲಿ ನೆನೆಸಿದ ಬಟ್ಟೆ ಹೊದಿಸಿ ಕಾದ ಮೇಲೆ ಹೆಚ್ಚಿನ ಭಾಗಕ್ಕೆ ಕೆಂಪು ಮರಳಿತು. ಉಳಿದುದನ್ನು ಕತ್ತರಿಸಿ ತೆಗೆಯಲೇಬೇಕಾಯಿತು. ಇನ್ನೂ ತಡವಾಗಿದ್ದರೆ ಅವರ ಕರುಳೆಲ್ಲ ಕೊಳೆತು, ಬದುಕಿದರೂ ಆಹಾರವನ್ನು ರಕ್ತನಾಳದ ಮೂಲಕ ಕೊಡಬೇಕಾದ ಸ್ಥಿತಿ ಬರುತ್ತಿತ್ತು.

ಆದ್ದರಿಂದ ತುರ್ತು ವಿಭಾಗದ ಡ್ಯೂಟಿ ಡಾಕ್ಟರ್‌ಗಳಲ್ಲಿ ನನ್ನ ಕಳಕಳಿಯ ಮನವಿ: ಬೈಪಾಸ್ ಆದವರು ಹೊಟ್ಟೆನೋವೆಂದು ಬಂದರೆ ಇಂಜೆಕ್ಷನ್ ಕೊಟ್ಟು ಮನೆಗೆ ಕಳುಹಿಸಬೇಡಿ. ಕಾಂಟ್ರಾಸ್ಟ್ ಹಾಕಿ ಸಿ.ಟಿ. ಸ್ಕ್ಯಾನ್ ಮಾಡಿಸಿ, ಸರ್ಜನ್‌ಗೆ ತೋರಿಸಿ. ಸಿ.ಟಿ.ಯಲ್ಲಿ ಏನೂ ಕಾಣದಿದ್ದರೂ ನೋವು ನಿಲ್ಲದಿದ್ದರೆ ಲ್ಯಾಪರೋಸ್ಕೋಪ್ (ಸಣ್ಣ ರಂಧ್ರದ ಮೂಲಕ ಹೊಟ್ಟೆಯೊಳಗೆ ಬಿಡುವ ಕ್ಯಾಮೆರಾ ಕೊಳವೆ) ಹಾಕಿ ನೋಡುವುದೇ ಸರಿ, ಏಕೆಂದರೆ ಸ್ಕ್ಯಾನ್‌ಗೆ ಸಿಗದ ಒಳ ಹರ್ನಿಯಾಗಳೂ ಇವೆ.

ಆಪರೇಷನ್ ಮಾಡುವ ಆಸ್ಪತ್ರೆಗಳೂ, ಯಾವ ಬಗೆಯ ಆಪರೇಷನ್, ಯಾವಾಗ ಆಯಿತು, ಸಂದುಗಳನ್ನು ಮುಚ್ಚಲಾಗಿದೆಯೇ ಎಂಬುದನ್ನು ಕನ್ನಡದಲ್ಲೂ ಬರೆದ ಒಂದು ಕಾರ್ಡನ್ನು ರೋಗಿಯ ಕೈಗೆ ಕೊಡಬೇಕು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಊರಿಗೆ ಮರಳಿದವರ ಡಿಸ್ಚಾರ್ಜ್ ಸಮ್ಮರಿ ನಡುರಾತ್ರಿಯಲ್ಲಿ ಕೈಗೆ ಸಿಗುವುದು ಅಪರೂಪ. ಅದರ ಫೋಟೊ ಮೊಬೈಲ್‌ನಲ್ಲಿರಲಿ. ಬೈಪಾಸ್ ಆದ ಗರ್ಭಿಣಿಯರ ಮನೆಯವರು ಇನ್ನೂ ಎಚ್ಚರದಿಂದಿರಬೇಕು. ಬೆಳೆಯುವ ಗರ್ಭಕೋಶವು ಕರುಳನ್ನು ಮೇಲಕ್ಕೆ ತಳ್ಳುವುದರಿಂದ ಅವರಲ್ಲಿ ಈ ಅಪಾಯ ಹೆಚ್ಚು. ಅಂಥವರಿಗೆ ಹೊಟ್ಟೆನೋವು ಬಂದಾಗ ಹೆರಿಗೆ ನೋವೆಂದು ಕಾಯದೆ, ಹೆರಿಗೆ ವೈದ್ಯರ ಜೊತೆಗೆ ಸರ್ಜನ್ ಕೂಡ ಇರುವ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯಿರಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸರ್ಜನ್, ಶಿವಮೊಗ್ಗ