ಚಕ್ ಪಾಲನಿಕ್ ಓದು ಮುಗಿಯಿತು, ಎಲ್ಲರಿಗೂ ವಂದನೆ

ಅಮೆರಿಕದ ಲೇಖಕ ಚಕ್ ಪಾಲನಿಕ್ ಅವರ ಕಾದಂಬರಿಗಳನ್ನು ಒಟ್ಟಿಗೆ ಕೂತು ಓದುವ ನಮ್ಮ ಸರಣಿ ಮುಗಿಯಿತು. ಜಾಗ ಕೊಟ್ಟ ಗ್ರಂಥಾಲಯದವರಿಗೆ, ಮುಜುಗರದ ಪುಟಗಳಲ್ಲೂ ದನಿ ತಗ್ಗಿಸದೆ ಓದಿದವರಿಗೆ, ಜಗಳವಾಡಿದರೂ ಮರುವಾರ ಬಂದವರಿಗೆ ವಂದನೆ. ದೊಡ್ಡ ಋಣ ಮಾತ್ರ ಲೇಖಕರದೇ. ಹೊಲಸು, ಹಿಂಸೆ ಎಂದು ಮೂಗು ಮುರಿಯುವವರು ಅವರ ಕಸುಬನ್ನು ಗಮನಿಸುವುದಿಲ್ಲ. ಓದುಗನನ್ನು ಬೆಚ್ಚಿಬೀಳಿಸುವುದು ಆ ಕಸುಬು. ಅದನ್ನು ಅವರು ಮುಚ್ಚಿಟ್ಟೂ ಇಲ್ಲ. ಪ್ರಬಂಧಗಳಲ್ಲಿ, ಬರವಣಿಗೆಯ ಬಗೆಗಿನ 2020ರ ಪುಸ್ತಕ 'ಕನ್ಸಿಡರ್ ದಿಸ್'ನಲ್ಲಿ ಬಿಚ್ಚಿಟ್ಟಿದ್ದಾರೆ.

ಗುಟ್ಟಾಗಿ ಹೊಡೆದಾಡುವ ಗಂಡಸರ ಕೂಟದ ಕತೆ 'ಫೈಟ್ ಕ್ಲಬ್'. ಅದರಲ್ಲಿ ಮತ್ತೆ ಮತ್ತೆ ಬರುವ ಕೂಟದ ನಿಯಮಗಳನ್ನೇ ನೋಡಿ. 'ಫೈಟ್ ಕ್ಲಬ್' ಮೊದಲು ಏಳು ಪುಟದ ಸಣ್ಣಕತೆ. 1996ರ ಕಾದಂಬರಿಯಲ್ಲಿ ಆರನೇ ಅಧ್ಯಾಯವಾಗಿ ಕೂತಿದೆ. ಆಫೀಸಿನಿಂದ ಹೊಡೆದಾಟದ ನೆಲಮಾಳಿಗೆಗೆ, ಅಲ್ಲಿಂದ ಮತ್ತೆ ಆಫೀಸಿಗೆ ನೆಗೆಯುವಾಗ 'ಅಷ್ಟರಲ್ಲಿ', 'ಮರುದಿನ' ಎಂಬ ಸೇತುವೆ ವಾಕ್ಯಗಳು ಬೇಡವಾಗಲಿ ಎಂದು ನಿಯಮಗಳನ್ನು ಹಾಕಿದ್ದು. ಒಂದು ನಿಯಮ ಬಂತೆಂದರೆ ದೃಶ್ಯ ಬದಲಾಯಿತು. ಹಾಡಿನ ಪಲ್ಲವಿಯ ಹಾಗೆ. (ಅಂಗಗಳು ತಾವೇ ಮಾತಾಡುವ ಸಾಲುಗಳೂ ಇಂಥವೇ. ಪುಸ್ತಕದಲ್ಲಿ ಅವು ಜೋ ಎಂಬವನ ಅಂಗಗಳು. ಜೋ ಹೋಗಿ ಜ್ಯಾಕ್ ಆದದ್ದು 1999ರ ಸಿನಿಮಾದಲ್ಲಿ.) ಇಂಥ ಸಾಲು ಮರಳಿ ಬಂದಾಗಲೆಲ್ಲ ಅರ್ಥ ಒಂದಿಷ್ಟು ಕದಲಬೇಕು, ಇಲ್ಲದಿದ್ದರೆ ಬರೀ ಚಟ. ಅವರ ನಂತರದ ಕೆಲವು ಕಾದಂಬರಿಗಳಲ್ಲಿ ಚಟವೇ ಆಗಿದೆ, ಹೇಳದೆ ಇರಲಾಗದು.

'ಗಟ್ಸ್' ಕತೆ 2004ರಲ್ಲಿ ಪ್ಲೇಬಾಯ್ ಪತ್ರಿಕೆಯಲ್ಲಿ ಬಂತು, ಮರುವರ್ಷ 'ಹಾಂಟೆಡ್' ಪುಸ್ತಕಕ್ಕೆ ಸೇರಿತು. ಅವರು ಓದುವಾಗ ಸಭೆಯಲ್ಲಿ ಜನ ತಲೆಸುತ್ತಿ ಬಿದ್ದ ಕತೆ ಇದು. ಗುಟ್ಟಾಗಿ ಹಸ್ತಮೈಥುನ ಮಾಡಿಕೊಳ್ಳಲು ಹೋದ ಹುಡುಗರ ಒಟ್ಟು ಮೂರು ಅವಘಡ. ಕ್ಯಾರೆಟ್‌ನದಕ್ಕೆ ನಗು ಬರುತ್ತದೆ. ಮೇಣದ್ದು ಬಂದಾಗ ನಗು ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಈಜುಕೊಳ. ಈ ಕ್ರಮ ತಿರುಗಿಸಿದರೆ ಕತೆ ಸತ್ತಂತೆ, ಯಾಕೆಂದರೆ ನಕ್ಕು ಸಡಿಲಾದ ಮೈಗೇ ಮೂರನೆಯದು ತಾಗುವುದು. ಗುಂಪಿನಲ್ಲಿ ಓದುವವರು ಊಟವಾದ ತಕ್ಷಣ ಇಟ್ಟುಕೊಳ್ಳಬೇಡಿ. ಕಿಟಕಿ ತೆರೆದಿರಲಿ, ಬಾಗಿಲ ಬಳಿ ಎರಡು ಕುರ್ಚಿ ಖಾಲಿ ಇರಲಿ.

ಬರೆಯುವವರಿಗೆ ಹೆಚ್ಚು ದಕ್ಕಿದ್ದು ಅವರ ಇನ್ನೊಂದು ಪಾಠ: ಆರು ತಿಂಗಳು 'ಅನಿಸಿತು', 'ಗೊತ್ತಾಯಿತು', 'ನೆನಪಾಯಿತು' ಥರದ ಕ್ರಿಯಾಪದಗಳನ್ನು ಬಿಟ್ಟು ಬರೆಯಿರಿ. 'ಗಂಡ ಸುಳ್ಳು ಹೇಳುತ್ತಿದ್ದಾನೆಂದು ಶಾಂತಾಗೆ ಗೊತ್ತಾಯಿತು' ಎಂದರೆ ಓದುಗನಿಗೆ ಕೆಲಸವೇ ಉಳಿಯುವುದಿಲ್ಲ. ಬದಲಿಗೆ: 'ಬ್ಯಾಂಕಿಗೆ ಹೋಗಿದ್ದೆ, ಸಿಕ್ಕಾಪಟ್ಟೆ ಕ್ಯೂ ಅಂದ. ಅವತ್ತು ಎರಡನೇ ಶನಿವಾರ. ಶಾಂತಾ ಇನ್ನೊಂದು ಸೌಟು ಸಾರು ಬಡಿಸಿದಳು.' ಎಲ್ಲ ಕಡೆ ಹೀಗೆ ಬಿಡಿಸುತ್ತ ಹೋದರೆ ಪುಟ ಮೂರು ಪಟ್ಟು ಉಬ್ಬುತ್ತದೆ. ಓದುಗನೇ ತೀರ್ಪು ಕೊಡಬೇಕಾದ ಜಾಗದಲ್ಲಿ ಮಾತ್ರ ಸಾಕು. ಪಾತ್ರವನ್ನು ಒಂಟಿಯಾಗಿ ಬಿಡಬೇಡಿ ಎಂಬ ಮಾತೂ ಇದಕ್ಕೇ ಸೇರಿದ್ದು. ಒಂಟಿಯಾದ ಕೂಡಲೇ ಅದು ಯೋಚಿಸಲು ಶುರುಮಾಡುತ್ತದೆ.

ಉತ್ತಮ ಪುರುಷದಲ್ಲಿ ಬರೆಯಿರಿ, ಆದರೆ 'ನಾನು' ಕಾಣದಿರಲಿ ಎನ್ನುತ್ತಾರೆ. ನಮ್ಮಲ್ಲಿ ಇದು ಕೈಕೊಡುತ್ತದೆ. 'ನಾನು' ತೆಗೆದರೂ 'ಹೋದೆ, ನೋಡಿದೆ, ತೆಗೆದೆ' ಎಂದು ಕ್ರಿಯಾಪದದ ಬಾಲದಲ್ಲಿ ಅದು ಕೂತೇ ಇರುತ್ತದೆ. ನಾಲ್ಕು ವಾಕ್ಯ ಸಾಲಾಗಿ ಹಾಗೆ ಮುಗಿದರೆ ಕಿವಿ ದಣಿಯುತ್ತದೆ. ವಸ್ತುವನ್ನೇ ಕರ್ತೃ ಮಾಡಿ: 'ಚಿಲಕ ಎಳೆದೆ' ಬೇಡ, 'ಚಿಲಕ ಅಲುಗಲಿಲ್ಲ' ಇರಲಿ.

ಪಾಲನಿಕ್‌ಗೆ ಪೋರ್ಟ್‌ಲ್ಯಾಂಡಿನಲ್ಲಿ ಬರವಣಿಗೆ ಕಲಿಸಿದ, 2024ರಲ್ಲಿ ತೀರಿಕೊಂಡ ಟಾಮ್ ಸ್ಪಾನ್‌ಬೌವರ್ ಅವರಿಗೂ ನಮಸ್ಕಾರ. ಹೇಳಲು ನಾಚಿಕೆಯಾಗುವುದನ್ನೇ ಬರೆಯಿರಿ ಎಂಬ ಹಟ ಅವರ ಮನೆಯ ಕಮ್ಮಟದ್ದು.

ಕೊನೆಗೆ, ಪಾಲನಿಕ್ ಅವರ 'ಸರ್ವೈವರ್' ಕಾದಂಬರಿ ಕೊಂಡವರಿಗೆ: ಪುಟಸಂಖ್ಯೆ ಇಳಿಯುತ್ತ ಹೋಗುವುದು ಬೈಂಡಿಂಗ್ ತಪ್ಪಲ್ಲ. ಇಂಧನ ತೀರುತ್ತಿರುವ ವಿಮಾನದಲ್ಲಿ ಕೂತು ನಾಯಕ ಬ್ಲ್ಯಾಕ್ ಬಾಕ್ಸಿಗೆ ಕತೆ ಹೇಳುತ್ತಿದ್ದಾನೆ. ಅಂಗಡಿಗೆ ವಾಪಸ್ ಕೊಡಬೇಡಿ.