ವಿಡಿಯೊ ಕಲಿಕೆಗೆ ಮಲೆನಾಡಿನದೇ ಬಳಗ ಬೇಕು

ಮಾನ್ಯ ಸಂಪಾದಕರೇ,

ಚಲನಚಿತ್ರ ನಿರ್ಮಾಣದ ವಿದ್ಯಾರ್ಥಿನಿಯಾದ ನಾನು ಇತ್ತೀಚೆಗೆ ವಿಡಿಯೊ ತಯಾರಕರ ಆನ್‌ಲೈನ್ ಬಳಗವೊಂದನ್ನು ಸೇರಿದೆ. ನಮ್ಮ ವಿದ್ಯುತ್ ಪೂರೈಕೆ 50 ಹರ್ಟ್ಸ್‌ನದಾದ್ದರಿಂದ, ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಇಟ್ಟು ಶಟರ್ ವೇಗವನ್ನು, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿಯನ್ನು, 1/50 ಸೆಕೆಂಡಿಗೆ ಹೊಂದಿಸಿಕೊಂಡರೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಚಿತ್ರ ಮಿನುಗುವುದು ತಪ್ಪುತ್ತದೆ ಎಂಬುದನ್ನು ಅಲ್ಲಿನ ಹಿರಿಯರು ತಾಳ್ಮೆಯಿಂದ ತಿಳಿಸಿಕೊಟ್ಟರು. ಆದರೆ ಆಗುಂಬೆ, ತೀರ್ಥಹಳ್ಳಿಗಳ ಮಳೆಗಾಲದ ತೇವಕ್ಕೆ ಲೆನ್ಸು ಬೂಷ್ಟು ಹಿಡಿಯದಂತೆ ತೇವ ಹೀರುವ ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯಲ್ಲಿ ಕಾಪಾಡುವುದನ್ನೂ, ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದಿನ ನಡುವೆ ಮಾತನ್ನು ಸ್ಪಷ್ಟವಾಗಿ ಮುದ್ರಿಸಿಕೊಳ್ಳುವುದನ್ನೂ ಇಲ್ಲಿಯವರೇ ಕಲಿಸಬೇಕು. 1949ರಲ್ಲಿ ಆರಂಭವಾದ ಹೆಗ್ಗೋಡಿನ ನೀನಾಸಮ್ ರಂಗಸಂಸ್ಥೆ ಹಳ್ಳಿಗರಿಗೆ ಜಗತ್ತಿನ ಸಿನಿಮಾ ತೋರಿಸಿದ ಜಿಲ್ಲೆಯಿದು. ಶಿವಮೊಗ್ಗದ ಕಾಲೇಜುಗಳು, ನಾವು ಸುಮ್ಮನೆ ಹಗುರವಾಗಿ ಕಾಣುವ ಮದುವೆ ವಿಡಿಯೊಗ್ರಾಫರುಗಳನ್ನೂ ಸೇರಿಸಿಕೊಂಡು, ಕನ್ನಡದಲ್ಲಿಯೇ ಇಂಥದೊಂದು ಬಳಗ ಕಟ್ಟಬೇಕೆಂದು ಕೋರುತ್ತೇನೆ.

– ಚಲನಚಿತ್ರ ವಿದ್ಯಾರ್ಥಿನಿ, ಸಾಗರ