ಮೋತಿಬಿಂದು ತೆಗೆಯುವ ಮುನ್ನ ಬಿ-ಸ್ಕ್ಯಾನ್ ಆಗಲಿ

ಮಾನ್ಯ ಸಂಪಾದಕರೇ,

ಬಲಿತ ಮೋತಿಬಿಂದುವಿಗೆ (ಕಣ್ಣಿನ ಪೊರೆಗೆ) ಬಿ-ಸ್ಕ್ಯಾನ್, ಅಂದರೆ ಕಣ್ಣಿನ ಒಳಭಾಗ ತೋರಿಸುವ ಅಲ್ಟ್ರಾಸೌಂಡ್, ಬರೆದುಕೊಟ್ಟರೆ, ‘ಪೊರಿ ಬಂದದ್ದು ಕಾಣ್ತದಲ್ರೀ, ಮತ್ತ ಸ್ಕ್ಯಾನ್ ಯಾಕ?’ ಎಂದು ಮನೆಯವರು ಕೇಳುವುದು ನಮ್ಮ ವಿಜಯಪುರ ಕಡೆ ಮಾಮೂಲು. ಪಾಪೆ ಪೂರಾ ಬೆಳ್ಳಗಾದ ಮೇಲೆ ವೈದ್ಯರ ಲೆನ್ಸಿಗೂ ಹಿಂದಿನ ಅಕ್ಷಿಪಟಲ ಕಾಣುವುದಿಲ್ಲ. ಅಪರೂಪಕ್ಕೆ ಅಲ್ಲಿ ಗಡ್ಡೆ ಇರುತ್ತದೆ. ಗೊತ್ತಿಲ್ಲದೆ ಆಪರೇಷನ್ನಿಗೆ ಕಣ್ಣು ಕೊಯ್ದರೆ ಕ್ಯಾನ್ಸರ್ ಕಣಗಳು ಹೊರಬೀಳಲು ದಾರಿಯಾಗುತ್ತದೆ.

ಪರೀಕ್ಷೆ ಸರಳ. ಮುಚ್ಚಿದ ರೆಪ್ಪೆಗೆ ಜೆಲ್ ಹಚ್ಚಿ ಧ್ವನಿ ತರಂಗ ಕಳಿಸಿ ಚಿತ್ರ ಹಿಡಿಯುವ 10 ಮೆಗಾಹರ್ಟ್ಸ್ ಪ್ರೋಬ್ ಇಡುತ್ತಾರೆ. ಸೂಜಿಯಿಲ್ಲ, ವಿಕಿರಣವಿಲ್ಲ. ಆದರೆ ಅವಸರದಲ್ಲಿ ನೆಟ್ಟಗೆ ನೋಡಿಸಿ ಒಂದೇ ಚಿತ್ರ ತೆಗೆದು ಕಳಿಸುವುದು ತಪ್ಪು. ಪೊರೆ ಬಲಿತ ಕಣ್ಣಿನ ಲೆನ್ಸೇ ಧ್ವನಿಯನ್ನು ಹೀರಿ ಹಿಂಭಾಗವನ್ನು ಮಸುಕು ಮಾಡುತ್ತದೆ, ಅಂಚಿನ ಗಡ್ಡೆ ಚೌಕಟ್ಟಿಗೇ ಬರುವುದಿಲ್ಲ. ರೋಗಿಗೆ ಮೇಲೆ, ಕೆಳಗೆ, ಮೂಗಿನ ಕಡೆ, ಕಿವಿಯ ಕಡೆ ನೋಡಲು ಹೇಳಿ, ಪ್ರೋಬನ್ನು ಎದುರು ಬದಿಗಿಟ್ಟು ಲೆನ್ಸ್ ತಪ್ಪಿಸಿ ನೋಡಬೇಕು. ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಹಿಂದೆಯೇ ಇರುವ ಸಣ್ಣ ಗಡ್ಡೆಗೆ ಈ ಪ್ರೋಬ್ ಸಾಲದು, ಕಣ್ಣಿನ ಮುಂಭಾಗವನ್ನು ಸೂಕ್ಷ್ಮವಾಗಿ ತೋರಿಸುವ ಸುಮಾರು 50 ಮೆಗಾಹರ್ಟ್ಸಿನ ಅಲ್ಟ್ರಾಸೌಂಡ್ ಯುಬಿಎಂ ಬೇಕು.

ಕಂಡದ್ದೆಲ್ಲ ಗಡ್ಡೆಯೂ ಅಲ್ಲ. ಕಣ್ಣು ಆಡಿಸಿ ನಿಲ್ಲಿಸಿದರೆ ಒಳಗಿನ ರಕ್ತದ ಹೆಪ್ಪು ಸಾಮಾನ್ಯವಾಗಿ ಇನ್ನೂ ತೇಲಾಡುತ್ತಿರುತ್ತದೆ, ಗಡ್ಡೆ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಮೆಲನೋಮಾ ಎಂಬ ಕ್ಯಾನ್ಸರ್ ಗಡ್ಡೆ ದಿಬ್ಬದಂತೆಯೋ ಅಣಬೆಯಂತೆಯೋ ಎದ್ದು ಒಳಗೆ ಕಪ್ಪಾಗಿ ಕಾಣುತ್ತದೆ; ರಕ್ತನಾಳದ ಗಡ್ಡೆ ಹಿಮ್ಯಾಂಜಿಯೋಮಾ ಒಳಗೆಲ್ಲ ಬೆಳ್ಳಗೆ. ಎತ್ತರ ಅಳೆಯುವಾಗ ಪ್ರೋಬ್ ಓರೆಯಾದರೆ ಮಿಲಿಮೀಟರ್ ಲೆಕ್ಕ ಹೆಚ್ಚಾಗಿ, ಚಿಕಿತ್ಸೆಯ ಲೆಕ್ಕವೂ ತಪ್ಪುತ್ತದೆ.

ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಂತೂ ಸಡಿಲ ಬೇಡ. ಫ್ಲ್ಯಾಶ್ ಫೋಟೊದಲ್ಲಿ ಪಾಪೆ ಬೆಳ್ಳಗೆ ಹೊಳೆದರೆ, ಮೆಳ್ಳಗಣ್ಣು ಹೊಸದಾಗಿ ಬಂದರೆ, ಅದು ಪೊರೆಯೆಂದೇ ತಿಳಿಯಬಾರದು, ಅಕ್ಷಿಪಟಲದ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾ ಇರಬಹುದು. ಇದರೊಳಗೆ ಹೆಚ್ಚಾಗಿ ಕ್ಯಾಲ್ಸಿಯಂ ಕಣಗಳಿರುತ್ತವೆ. ಯಂತ್ರದ ಗೇನ್ (ಮರಳಿ ಬಂದ ಧ್ವನಿಯನ್ನು ಹಿಗ್ಗಿಸುವ ಮಟ್ಟ) ಇಳಿಸುತ್ತ ಹೋದರೆ ಉಳಿದದ್ದೆಲ್ಲ ಮಾಯವಾದರೂ ಆ ಕಣಗಳು ಮಿನುಗುತ್ತಲೇ ಇರುತ್ತವೆ, ಹಿಂದೆ ಕಪ್ಪು ನೆರಳು ಬೀಳುತ್ತದೆ. ಗೇನ್ ಮುಟ್ಟದೆ ಮಾಡಿದ ಸ್ಕ್ಯಾನಿನಲ್ಲಿ ಈ ಗುರುತು ಸಿಗುವುದು ಕಷ್ಟ. ಖಚಿತಪಡಿಸಿಕೊಳ್ಳಲು ಕಣ್ಣಿಗೆ ಸೂಜಿ ಚುಚ್ಚಿ ತುಣುಕು ತೆಗೆಯುವ ಮಾತೇ ಬೇಡ, ರೋಗ ಹೊರಗೆ ಹರಡಬಹುದು.

ಎತ್ತಿನ ಕೊಂಬು ತಾಗಿ ಕಣ್ಣು ಒಡೆದ ಶಂಕೆಯಿದ್ದರೆ ಮಾತ್ರ ಪ್ರೋಬ್ ಒತ್ತಬಾರದು, ಮೊದಲು ಹೊಲಿಗೆಯಾಗಲಿ.

ಶಿಬಿರ ನಡೆಸುವವರಲ್ಲಿ ನಮ್ಮ ಕೋರಿಕೆ ಇಷ್ಟೇ: ಕೇಸ್ ಪೇಪರಿನಲ್ಲಿ ‘ಹಿಂಭಾಗ ಕಾಣಲಿಲ್ಲ’ ಎಂದು ಬರೆದ ಕಣ್ಣನ್ನು ಬಿ-ಸ್ಕ್ಯಾನ್ ವರದಿ ಲಗತ್ತಿಸದೆ ಆಪರೇಷನ್ ಟೇಬಲಿಗೆ ಕಳಿಸಬೇಡಿ.

– ನೇತ್ರ ಅಲ್ಟ್ರಾಸೌಂಡ್ ತಂತ್ರಜ್ಞರು, ವಿಜಯಪುರ